ಪರಾಕುಪುರಕ್ಕೆ ಜಪಾನು ಹತ್ತಿರವಾದ ಬಗೆ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಅಲ್ಲಿ ಮಲಗುವ ಚಾಪೆಗೆ ಇನ್ನೂ ತೆರಿಗೆ ಬಿದ್ದಿರಲಿಲ್ಲ ಎಂದರೆ ನೀವೇ ಅಂದಾಜು ಮಾಡಿಕೊಳ್ಳಿ. ರಾಜ್ಯದ ಹೆಸರು ಪರಾಕುಪುರ. ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ, ರಿಬ್ಬನ್‌ಖಂಡನಪ್ರವೀಣ ಉದ್ಘಾಟನವರ್ಮರು. ದಿನಕ್ಕೆ ಏಳಾದರೂ ಉದ್ಘಾಟನೆ ಮಾಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಏನೂ ಸಿಗದೆ ಅರಮನೆಯ ಬಚ್ಚಲನ್ನೇ ಎರಡನೆಯ ಸಲ ಉದ್ಘಾಟಿಸಿದ್ದರು.

ಆ ರಾಜ್ಯದಲ್ಲೊಂದು ಪದ್ಧತಿ ಇತ್ತು. ಅದಕ್ಕೆ ಮುಂಗಡ ಸನ್ಮಾನ ಎಂದು ಹೆಸರು. ಕೆಲಸ ಮುಗಿದ ಮೇಲೆ ಸನ್ಮಾನ ಮಾಡುವುದೆಂದರೆ ಕೆಲಸ ಮುಗಿಯುವ ತನಕ ಕಾಯಬೇಕಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ? ಆದ್ದರಿಂದ ಬಾವಿ ತೋಡುವವನಿಗೆ ಗುದ್ದಲಿ ಮುಟ್ಟುವ ಮೊದಲೇ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಬಾವಿ ತೋಡಿದೆಯಾ ಎಂದು ವಿಚಾರಿಸುವುದು ಸನ್ಮಾನಿತರಿಗೆ ಮಾಡಿದ ಅವಮಾನ. ಪರಾಕುಪುರದಲ್ಲಿ ಬಾವಿಗಳು ಕಡಿಮೆ, ಶಾಲುಗಳು ಹೆಚ್ಚು.

ಆದರೆ ಈ ಕಥೆ ಮಹಾರಾಜರದಲ್ಲ, ಜೊಂಡನಕೆರೆಯ ಮರಿಸಿದ್ದಮ್ಮನದು. ಕೆರೆಯಲ್ಲಿ ಬೆಳೆಯುವ ಜೊಂಡುಹುಲ್ಲನ್ನು ಕೊಯ್ದು, ಸೀಳಿ, ಒಣಗಿಸಿ, ಮತ್ತೆ ನೀರಲ್ಲಿ ನೆನೆಸಿ ಚಾಪೆ ನೇಯುವುದು ಆಕೆಯ ಕಸುಬು. ಒಂದು ಕಾಲಕ್ಕೆ ಊರಿಗೆ ಊರೇ ಚಾಪೆ ನೇಯುತ್ತಿತ್ತು. ಪೇಟೆಗೆ ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಹನ್ನೆರಡು ಮನೆ ಉಳಿದವು. ನೇಯಲು ಹನ್ನೆರಡು ಮನೆಯವರಿಗೂ ಬರುತ್ತಿತ್ತು. ಬಿಚ್ಚಿಕೊಳ್ಳದ ಹಾಗೆ ಅಂಚು ಕಟ್ಟುವುದು ಮಾತ್ರ ಮರಿಸಿದ್ದಮ್ಮನ ಕೈಗೇ ಗೊತ್ತು. ಆಕೆ ಅಂಚು ಕಟ್ಟಿದರೆ ಅದು ಚಾಪೆ, ಇಲ್ಲದಿದ್ದರೆ ಬರೀ ಹುಲ್ಲು.

ಇತ್ತ ರಾಜಧಾನಿಯಲ್ಲಿ ವಿದೇಶ ವಾಣಿಜ್ಯ ಪರಿಷತ್ತು ಎಂಬುದೊಂದಿತ್ತು. ನಾನಾ ದೇಶಗಳಿಂದ ಬಂದು ನೆಲೆಸಿದ ದೊಡ್ಡ ವರ್ತಕರ ಸಂಘ. ಅದರ ಅಧ್ಯಕ್ಷರು ಯಾವ ದೇಶದವರೆಂದು ಯಾರಿಗೂ ಗೊತ್ತಿರಲಿಲ್ಲ. ಕಂಡಕಂಡಲ್ಲಿ ಒಡಂಬಡಿಕೆಗೆ ರುಜು ಹಾಕುತ್ತಿದ್ದರಿಂದ ಜನ ಅವರನ್ನು ಒಡಂಬಡಿಕೆರಾಯರು ಎಂದೇ ಕರೆಯುತ್ತಿದ್ದರು. ಒಂದು ದಿನ ರಾಯರು ಇನ್ನೂರ ಹನ್ನೆರಡು ಪುಟದ ಮನವಿ ಹೊತ್ತುಕೊಂಡು ಆಸ್ಥಾನಕ್ಕೆ ಬಂದರು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ‘ಜಪಾನು ಇನ್ನೂ ಹತ್ತಿರ’ ಎಂದು ಅಚ್ಚಾಗಿತ್ತು.

“ಮಹಾಪ್ರಭು, ಜಪಾನಿನೊಡನೆ ನಮ್ಮ ವ್ಯಾಪಾರ ಗಾಢವಾಗಬೇಕು. ಅದಕ್ಕೆ ಸಿನರ್ಜಿ ಬೇಕು, ರೋಡ್‌ಮ್ಯಾಪ್ ಬೇಕು” ಎಂದರು ರಾಯರು.

ಮಹಾರಾಜರು ಸಮಾರಂಭ ಮಂತ್ರಿ ಹಾರಕೇಸರಿಯ ಕಡೆ ತಿರುಗಿದರು. “ಅವು ನಮ್ಮ ಉಗ್ರಾಣದಲ್ಲಿ ಇಲ್ಲವೇ?”

“ಸಿನರ್ಜಿ ಹೋದ ವರ್ಷವೇ ತರಿಸಿದ್ದೇವೆ ಪ್ರಭು. ಇನ್ನೂ ಪ್ಯಾಕಿಂಗ್ ಬಿಚ್ಚಿಲ್ಲ.”

“ಜಪಾನು ಈಗ ಎಷ್ಟು ದೂರದಲ್ಲಿದೆ?”

“ತಮ್ಮ ಕೀರ್ತಿಗೆ ಒಂದು ಹೆಜ್ಜೆ ಪ್ರಭು. ಉಳಿದವರಿಗೆ ಸ್ವಲ್ಪ ದೂರವೇ.”

“ಭೇಷ್! ಹಾಗಾದರೆ ಇನ್ನೂ ಹತ್ತಿರ ಮಾಡಿ. ಉದ್ಘಾಟನೆಗೆ ನಾನೇ ಬರುತ್ತೇನೆ.”

ಜಪಾನಿಗೆ ಏನನ್ನು ಮಾರುವುದು ಎಂಬ ಮಾತು ಮಾತ್ರ ಇನ್ನೂರ ಹನ್ನೆರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅದು ಅನುಬಂಧದಲ್ಲಿ ಬರುತ್ತದೆ ಎಂದರು ರಾಯರು. ಅನುಬಂಧ ಇನ್ನೂ ಅಚ್ಚಾಗಿರಲಿಲ್ಲ.

ಮಾತುಕತೆಗೆಂದು ಜಪಾನಿನಿಂದ ಒಕುಮುರಾ ಎಂಬ ವರ್ತಕರು ಬಂದರು. ಬೆಳಿಗ್ಗೆ ಹತ್ತಕ್ಕೆ ಸ್ವಾಗತ ಎಂದು ಆಹ್ವಾನಪತ್ರಿಕೆಯಲ್ಲಿ ಇತ್ತಲ್ಲ, ಪಾಪ, ಆತ ನಿಜವಾಗಿ ಹತ್ತಕ್ಕೇ ಬಂದುಬಿಟ್ಟರು! ಅರಮನೆಯ ಬಾಗಿಲಲ್ಲಿ ನರಪಿಳ್ಳೆಯೂ ಇಲ್ಲ. ಸ್ವಾಗತ ಸಮಿತಿಯವರು ಹನ್ನೆರಡೂವರೆಗೆ ಬರುವವರು. ಕಾವಲುಗಾರನಿಗೆ ಅಯ್ಯೋ ಅನ್ನಿಸಿ ತಾನು ಮಧ್ಯಾಹ್ನ ಅಡ್ಡಾಗುವ ಚಾಪೆಯನ್ನು ಮರದ ನೆರಳಲ್ಲಿ ಹಾಸಿಕೊಟ್ಟ. ಒಕುಮುರಾ ಎರಡೂವರೆ ಗಂಟೆ ಅದರ ಮೇಲೆ ಕೂತರು, ಕೈಯಿಂದ ಸವರಿದರು, ಅಂಚನ್ನು ಎಳೆದು ನೋಡಿದರು, ಮಗುಚಿ ಮೂಸಿದರು. ಸಮಿತಿಯವರು ಬ್ಯಾಂಡ್‌ಸೆಟ್ಟಿನೊಂದಿಗೆ ಬಂದಾಗ ಆತ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ನೇಯ್ದವರು ಯಾರು?

ಮರುದಿನ ಆತ ಜೊಂಡನಕೆರೆಯಲ್ಲಿ ಮರಿಸಿದ್ದಮ್ಮನ ಜಗಲಿಯ ಮೇಲಿದ್ದರು. ಹಳೆಯ ಗ್ರಂಥಗಳನ್ನು ಓದಿ ಕನ್ನಡ ಕಲಿತ ಮನುಷ್ಯ. ಅಷ್ಟು ಶುದ್ಧ ಭಾಷೆ ಪರಾಕುಪುರದ ಆಸ್ಥಾನದಲ್ಲೂ ಯಾರಿಗೂ ಬರುತ್ತಿರಲಿಲ್ಲ.

“ತಾಯೇ, ತಮ್ಮ ಹಸ್ತಕೌಶಲವು ಅನುಪಮವಾದುದು. ಇಂತಹ ಮುನ್ನೂರು ಚಾಪೆಗಳು ನನಗೆ ಬೇಕಾಗಿವೆ. ಶಿವರಾತ್ರಿಯ ಮರುದಿನ ಹಡಗು ಹೊರಡುವುದು. ಸಕಾಲದಲ್ಲಿ ದೊರೆತರೆ ಪ್ರತಿವರ್ಷವೂ ಅಷ್ಟೇ ಕೊಳ್ಳುವೆನು.”

ಮರಿಸಿದ್ದಮ್ಮ ಎಲೆಅಡಿಕೆ ಚೀಲ ಬಿಚ್ಚುತ್ತಿದ್ದವಳು ಹಾಗೇ ನಿಂತಳು. “ಮುನ್ನೂರಾ? ವರ್ಸಾ ವರ್ಸಾನಾ? ಸ್ವಾಮಿ, ತಮಾಸೆ ಮಾಡ್ತಿಲ್ಲ ತಾನೆ?”

“ಪರಿಹಾಸವಲ್ಲ ತಾಯೇ.”

“ಹಂಗಾರೆ ಆಯ್ತು ಬುಡಿ. ಇನ್ನೂ ಮೂರು ತಿಂಗಳೈತೆ. ಹನ್ನೆರಡು ಮನೇರೂ ಕೂತ್ರೆ ಆಯ್ತದೆ. ಅಂಚು ನಾನು ಕಟ್ತೀನಿ.”

ಅಂದು ಆಕೆಗಾದ ಸಂತೋಷ ಇಷ್ಟಿಷ್ಟಲ್ಲ. ಪ್ಲಾಸ್ಟಿಕ್ ಗೋದಾಮಿನಲ್ಲಿ ಕಸ ಗುಡಿಸಲು ಹೊರಟಿದ್ದ ಸೊಸೆ ಕೆಂಚವ್ವನನ್ನು ಅರ್ಧ ದಾರಿಯಿಂದ ವಾಪಸು ಕರೆಸಿದಳು. ಈ ಒಂದು ಸಲ ಕೊಟ್ಟ ಮಾತು ಉಳಿಸಿಕೊಂಡರೆ ಹನ್ನೆರಡು ಮನೆಯ ಕಸುಬು ಉಳಿಯುತ್ತದೆ, ಸೊಸೆಗೂ ಅಂಚು ಕಟ್ಟುವುದು ಕಲಿಸಬಹುದು. ಊರವರೆಲ್ಲ ಕೆರೆಗಿಳಿದು ಜೊಂಡು ಕೊಯ್ದರು, ಸೀಳಿದರು, ಒಣಗಿಸಿದರು. ಮೊದಲ ಹೊರೆಗಳನ್ನು ನೀರಿಗೆ ಹಾಕಿದರು. ನೆನೆದ ಜೊಂಡು ನಾಲ್ಕು ದಿನದೊಳಗೆ ಮಗ್ಗಕ್ಕೆ ಏರಬೇಕು, ಇಲ್ಲದಿದ್ದರೆ ಕೊಳೆಯುತ್ತದೆ.

ಹತ್ತೊಂಬತ್ತು ಚಾಪೆ ಮುಗಿದ ದಿನ ಸರ್ಕಾರಿ ಜೀಪು ಬಂತು.

ಜೀಪಿನಿಂದ ಮಂತ್ರಿ ಹಾರಕೇಸರಿಯೇ ಇಳಿದು, “ಅಮ್ಮನವರೇ, ತಾವು ರಾಜ್ಯದ ಪ್ರಪ್ರಥಮ ರಫ್ತುರತ್ನ. ನಾಳೆ ರಾಜಧಾನಿಯಲ್ಲಿ ಪರಿಷತ್ತಿನಿಂದ ತಮಗೆ ಸನ್ಮಾನ” ಎಂದರು.

“ಇನ್ನೂ ರಪ್ತೇ ಆಗಿಲ್ವಲ್ಲ ಬುದ್ಧಿ?”

“ಅದಕ್ಕೇ ಈಗಲೇ. ಆಮೇಲೆ ತಮಗೆ ಪುರುಸೊತ್ತಿರುವುದಿಲ್ಲ.”

ಹಿರಿಯರ ಮಾತು ತೆಗೆದುಹಾಕಬಾರದು, ಒಂದು ದಿನ ತಾನೆ ಎಂದುಕೊಂಡು ಮರಿಸಿದ್ದಮ್ಮ ಹೋದಳು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಒಡಂಬಡಿಕೆರಾಯರ ಮುಖ್ಯ ಭಾಷಣ, ಮಹಾರಾಜರ ಅಧ್ಯಕ್ಷ ಭಾಷಣ, ವಂದನಾರ್ಪಣೆ. ವಂದನೆ ಸಲ್ಲಿಸಲು ಬಂದವನು ಮೈಕಿನವನಿಂದ ಹಿಡಿದು ಚಂದ್ರಸೂರ್ಯರವರೆಗೆ ಎಲ್ಲರಿಗೂ ವಂದಿಸಿದ. ಎಲ್ಲ ಮುಗಿದು ಊರಿಗೆ ಹೊರಡೋಣ ಎನ್ನುವಷ್ಟರಲ್ಲಿ ಕೈಗಾರಿಕಾ ಇಲಾಖೆಯವರು ಬಂದು, ಪರಿಷತ್ತು ಮಾಡಿದ ಮೇಲೆ ನಾವು ಮಾಡದಿದ್ದರೆ ನಮ್ಮ ಮರ್ಯಾದೆ ಏನಾಗಬೇಕು ಎಂದರು. ಅವರದಾದ ಮೇಲೆ ಬಂದರು ಇಲಾಖೆ. ಬಂದರಿನವರು ಮಾಡಿದ್ದು ಕೇಳಿ ಮೀನುಗಾರಿಕೆಯವರು ಮುನಿಸಿಕೊಂಡರು. ಆಮೇಲೆ ಒಂದೊಂದಾಗಿ ಜಿಲ್ಲೆಗಳು.

ವೇದಿಕೆಯ ಮೇಲೆ ಕುಶನ್ ಕುರ್ಚಿಯಲ್ಲಿ ಕೂತ ಮರಿಸಿದ್ದಮ್ಮನ ಕಣ್ಣಿಗೆ ಕಾಣುತ್ತಿದ್ದದ್ದು ಊರಿನ ಕೆರೆ. ಇವತ್ತಿಗೆ ಮೂರು ದಿನ, ನಾಳೆಗೆ ನಾಲ್ಕು, ಆ ಹೊರೆ ಹೋಯಿತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂದು ಸಲ ತಡೆಯಲಾರದೆ ಸೆರಗಿನಲ್ಲಿ ಒಂದು ಹಿಡಿ ಜೊಂಡು ಮುಚ್ಚಿ ತಂದು, ಭಾಷಣದ ನಡುವೆ ಅಂಚು ಹೆಣೆಯತೊಡಗಿದಳು. ಸಭೆ ಗುಸುಗುಸು ಎಂದಿತು. ಹಾರಕೇಸರಿ ಕಿವಿಯ ಬಳಿ ಬಗ್ಗಿ ಹೇಳಿದರು: “ಅಮ್ಮನವರೇ, ದಯವಿಟ್ಟು. ವೇದಿಕೆಯ ಮೇಲೆ ಕೆಲಸ ಮಾಡುವ ಸಂಪ್ರದಾಯ ನಮ್ಮಲ್ಲಿಲ್ಲ.”

ಇಪ್ಪತ್ತಾರನೆಯ ಸನ್ಮಾನದಲ್ಲಿ ಆಕೆ ಗಟ್ಟಿ ಮನಸ್ಸು ಮಾಡಿ ಮಹಾರಾಜರ ಎದುರು ನಿಂತು ಕೈಮುಗಿದಳು.

“ಬುದ್ಧೀ, ನನ್ನ ಊರಿಗೆ ಕಳಿಸ್ಕೊಡಿ. ಶಿವರಾತ್ರಿಗೆ ನಲವತ್ತೇ ದಿನ ಉಳ್ದದೆ. ನನ್ನ ಕೈ ಇಲ್ಲ ಅಂದ್ರೆ ಅಲ್ಲಿ ಒಂದು ಚಾಪೇನೂ ಎದ್ದೇಳಾಕಿಲ್ಲ. ಮಾತು ಕೊಟ್ಟಿವ್ನಿ. ಹನ್ನೆರಡು ಮನೆ ಅನ್ನ ಬುದ್ಧೀ ಇದು. ನನಗೆ ಸಾಲು ಹಾರ ಬ್ಯಾಡ, ಟೇಮು ಕೊಡಿ.”

ಮಹಾರಾಜರ ಕಣ್ಣು ತೇವವಾಯಿತು. ಅವರು ಕೆಟ್ಟವರಲ್ಲ, ಅದೇ ತೊಂದರೆ. ಸಭೆಗೆ ತಿರುಗಿ ಹೇಳಿದರು: “ಕೇಳಿದಿರಾ! ಎಂತಹ ಕರ್ತವ್ಯನಿಷ್ಠೆ! ಈ ತಾಯಿಯ ಸಮಯ ಎಷ್ಟು ಅಮೂಲ್ಯ ಎಂಬುದನ್ನು ನಾಡಿಗೆಲ್ಲ ಸಾರಬೇಕು. ಸಮಯದ ಮಹತ್ವ ಕುರಿತು ಮೂವತ್ತು ದಿನಗಳ ರಾಜ್ಯಮಟ್ಟದ ಸಮಾವೇಶ ನಡೆಯಲಿ. ಮೂವತ್ತೂ ದಿನ ಈ ತಾಯಿಯೇ ಅಧ್ಯಕ್ಷತೆ ವಹಿಸಲಿ!”

ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಇಂತಹ ಪರಿಹಾರ ಪ್ರಭುಗಳಿಗೆ ಮಾತ್ರ ಹೊಳೆಯಲು ಸಾಧ್ಯ” ಎಂದರು ಒಡಂಬಡಿಕೆರಾಯರು. ಅದೊಂದು ಮಾತು ನಿಜವೇ ಆಗಿತ್ತು.

ಸಮಾವೇಶ ಮುಗಿಸಿ ಮರಿಸಿದ್ದಮ್ಮ ಊರಿಗೆ ಬಂದಾಗ ಕೆರೆಯ ಏರಿಯ ಮೇಲೆ ನಿಲ್ಲಲಾಗದಷ್ಟು ನಾತ. ಅಂಚು ಕಟ್ಟುವವರಿಲ್ಲದೆ ಮಗ್ಗಗಳು ನಿಂತು, ನೆನೆಹಾಕಿದ ಹೊರೆಯೆಲ್ಲ ಕಪ್ಪಗೆ ಕೊಳೆತು ಲೋಳೆಯಾಗಿತ್ತು. ಅಂಚಿಲ್ಲದೆ ನೇಯ್ದಿಟ್ಟಿದ್ದವು ಎತ್ತಿದರೆ ಎಳೆಎಳೆಯಾಗಿ ಉದುರಿದವು. ಕೆಂಚವ್ವ ಅತ್ತೆಯ ಮುಖ ನೋಡಲಾರದೆ ಒಳಗೆ ಹೋದಳು. ಮರಿಸಿದ್ದಮ್ಮ ಕೆರೆಯ ಮೆಟ್ಟಿಲ ಮೇಲೆ ಕೂತು, ಹೆಗಲ ಮೇಲಿದ್ದ ಜರಿಶಾಲಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಉಳಿದ ಹತ್ತು ದಿನದಲ್ಲಿ ಹೊಸ ಜೊಂಡು ಕೊಯ್ದು, ಒಣಗಿಸಿ, ನೇಯುವುದು ಆಗದ ಮಾತು. ಇದ್ದದ್ದು ಆ ಹತ್ತೊಂಬತ್ತು. ಅವನ್ನಾದರೂ ಕೊಡೋಣವೆಂದು ಆಕೆ ಸುತ್ತಿಡುತ್ತಿದ್ದಾಗ ಮತ್ತೆ ಜೀಪು ಬಂತು. ಒಕುಮುರಾ ಅವರಿಗೆ ರಾಜಧಾನಿಯಲ್ಲಿ ಬೀಳ್ಕೊಡುಗೆ ಸಮಾರಂಭ. ವೇದಿಕೆ ಸ್ಥಳೀಯ ಸೊಗಡಿನಿಂದ ಕಂಗೊಳಿಸಬೇಕೆಂದು ಮಹಾರಾಜರ ಆಸೆ. ಹತ್ತೊಂಬತ್ತೂ ಚಾಪೆಗಳನ್ನು ಒಯ್ದು ವೇದಿಕೆಯ ಮೇಲೆ ಹಾಸಿ ಮೊಳೆ ಹೊಡೆದರು. ಅವುಗಳ ಮೇಲೆ ಬೂಟು ಹಾಕಿಕೊಂಡು ನಲವತ್ತು ಗಣ್ಯರು ಕೂತರು.

ಶಿವರಾತ್ರಿಯ ದಿನ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಒಕುಮುರಾ ಜೊಂಡನಕೆರೆಯ ಜಗಲಿಯ ಮೇಲೆ ಬಂದು ಕೂತರು. ಮರಿಸಿದ್ದಮ್ಮ ಏನನ್ನೂ ಮುಚ್ಚಿಡಲಿಲ್ಲ. ಕೊಳೆತ ಹೊರೆ ತೋರಿಸಿದಳು, ಗೋಡೆಯುದ್ದಕ್ಕೂ ಪೇರಿಸಿದ್ದ ಐವತ್ತೇಳು ಶಾಲು ತೋರಿಸಿದಳು.

“ತಪ್ಪಾಯ್ತು ಸ್ವಾಮಿ. ಮಾತು ತಪ್ಪಿದೆ.”

ಆತ ಎದ್ದು, ಸೊಂಟ ಬಗ್ಗಿಸಿ ಆಕೆಗೆ ನಮಸ್ಕರಿಸಿದರು. “ತಾಯೇ, ದೋಷವು ತಮ್ಮದಲ್ಲವೆಂದು ಬಲ್ಲೆನು. ಆದರೆ ಹಡಗು ನಾಳೆ ಹೊರಡುವುದು. ನನಗಾಗಿ ಅಲ್ಲಿ ಕಾದಿರುವವರಿಗೆ ನಾನು ಶಾಲುಗಳ ವೃತ್ತಾಂತವನ್ನು ಹೇಳಲಾರೆನು.”

“ಬರೋ ವರ್ಸ ಬತ್ತೀರಾ?” ಎಂದು ಕೇಳಿದಳು. ಆತ ಮತ್ತೊಮ್ಮೆ ಬಗ್ಗಿ ನಮಸ್ಕರಿಸಿ ಜಗಲಿ ಇಳಿದರು. ಮರುದಿನದ ಹಡಗಿನಲ್ಲಿ ಒಕುಮುರಾ ಒಂದು ಪೇಟ, ಎರಡು ಶಾಲು, ಮಹಾರಾಜರ ಭಾವಚಿತ್ರವಿದ್ದ ಒಂದು ಸ್ಮರಣಿಕೆಯೊಂದಿಗೆ ಹೊರಟುಹೋದರು.

ಪರಿಷತ್ತು ವಾರದೊಳಗೆ ವರದಿ ಕೊಟ್ಟಿತು. ಕಳೆದ ವರ್ಷ ಜಪಾನಿಗೆ ರಫ್ತಾದ ಸರಕು ಸೊನ್ನೆ. ಈ ವರ್ಷ ಪೇಟ ಒಂದು, ಶಾಲು ಎರಡು, ಸ್ಮರಣಿಕೆ ಒಂದು. ಇದು ಲೆಕ್ಕಕ್ಕೇ ಸಿಗದಷ್ಟು ಪ್ರಗತಿ ಎಂದು ಒಡಂಬಡಿಕೆರಾಯರು ಓದಿದಾಗ ಆಸ್ಥಾನ ಜಯಘೋಷ ಮಾಡಿತು. ಮಹಾರಾಜರಿಗೆ ‘ಪೂರ್ವಸಮುದ್ರಾಧೀಶ್ವರ’ ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸಿದರು. ಸಮಾರಂಭಗಳ ಖರ್ಚು ತುಂಬಲು ರಾಜ್ಯದಲ್ಲಿ ಚಾಪೆಯ ಮೇಲೆ ಮಲಗುವ ಪ್ರತಿಯೊಬ್ಬರ ಮೇಲೂ ‘ಜಪಾನ್ ಸ್ನೇಹ ಸೆಸ್’ ಬಿತ್ತು. ಮಂಚದ ಮೇಲೆ ಮಲಗುವವರಿಗೆ ವಿನಾಯಿತಿ, ಏಕೆಂದರೆ ಪರಿಷತ್ತಿನವರೆಲ್ಲ ಮಂಚದವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಲ್ಲಿಯವರೆಗೆ ಬುದ್ಧಿ ಹೇಳುತ್ತಿದ್ದ ಜನ, ಕಾಲು ಮಡಚಿಕೊಂಡು ಬರಿನೆಲದಲ್ಲಿ ಮಲಗುವುದನ್ನು ಕಲಿತರು.

ಸೆಸ್ಸಿನ ಅಧಿಕಾರಿ ಜೊಂಡನಕೆರೆಗೆ ಬಂದಾಗ ಕೆಂಚವ್ವ ಪ್ಲಾಸ್ಟಿಕ್ ಗೋದಾಮಿಗೆ ಕಸ ಗುಡಿಸಲು ಹೋಗಿಯಾಗಿತ್ತು. ಮರಿಸಿದ್ದಮ್ಮ ಮಗ್ಗದ ಮುಂದೆ ಕೂತಿದ್ದಳು. ಕೈ ಸುಮ್ಮನಿರಬೇಕಲ್ಲ! ಶಾಲುಗಳನ್ನು ಬೆರಳಗಲಕ್ಕೆ ಹರಿದು, ಹೊಸೆದು, ಚಾಪೆ ನೇಯುತ್ತಿದ್ದಳು. ಜರಿ ಅಲ್ಲಲ್ಲಿ ಮಿನುಗುತ್ತಿತ್ತು. ಅಂಚು ಮಾತ್ರ ಎಂದಿನಂತೆ ಭದ್ರವಾಗಿತ್ತು.

ಅಧಿಕಾರಿ ತಲೆ ಕೆರೆದುಕೊಂಡ. “ಅಜ್ಜೀ, ಇದು ಶಾಲೋ ಚಾಪೆಯೋ? ಶಾಲು ಅಂದ್ರೆ ಸರ್ಕಾರಿ ಗೌರವ ಹರಿದಿದ್ದಕ್ಕೆ ದಂಡ. ಚಾಪೆ ಅಂದ್ರೆ ಸೆಸ್.”

“ಚಾಪೆ ಅಂತ್ಲೇ ಬರ್ಕೊಳಪ್ಪ. ಸಾಲಾಗಿದ್ದಾಗ ಯಾವ ಕೆಲ್ಸಕ್ಕೂ ಬರ್ನಿಲ್ಲ.”

ಆಕೆ ಸೆರಗಿನ ಗಂಟು ಬಿಚ್ಚಿ ಸೆಸ್ ಕೊಟ್ಟಳು. ಅಧಿಕಾರಿ ರಶೀದಿ ಹರಿದುಕೊಟ್ಟ. ಅದರ ಮೇಲೆ ಹೊಸ ಕಿರೀಟದ ಮಹಾರಾಜರು ನಗುತ್ತಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಏನೋ ಇತ್ತು. ಓದಲು ಬಾರದ ಮರಿಸಿದ್ದಮ್ಮ ಏನದು ಎಂದು ಕೇಳಿದಳು.

“ಜಪಾನು ಇನ್ನೂ ಹತ್ತಿರ ಅಂತ ಅಜ್ಜಿ.”

ಮರಿಸಿದ್ದಮ್ಮ ರಶೀದಿಯನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಖಾಲಿ ಜಗಲಿಯ ಕಡೆ ಒಮ್ಮೆ ನೋಡಿದಳು.

“ಹತ್ರಕ್ಕೆ ಬಂದಿತ್ತು ಕಣಪ್ಪ. ಅಲ್ಲೇ, ಆ ಜಗಲಿ ಮ್ಯಾಲೇ ಕುಂತಿತ್ತು.”