ಹಳೆಯ ದೆವ್ವ, ಹೊಸ ದೆವ್ವ ಮತ್ತು ಅವ್ವನ ಕಣ್ಣು

ದೆವ್ವದ ಸಿನಿಮಾಗಳ ವಿಚಾರದಲ್ಲಿ ನಾನು ಶುದ್ಧ ಸಂಪ್ರದಾಯಸ್ಥ. ಹಳೆಯ ದೆವ್ವಕ್ಕೆ ಒಂದು ಮರ್ಯಾದೆ ಇತ್ತು. ಮೊದಲು ಗಾಳಿ ಬೀಸಿ, ಬಾಗಿಲು ಕಿರ್ರೆನಿಸಿ, ಗೆಜ್ಜೆ ಸದ್ದು ಮಾಡಿ, ನಮಗೆ ಹೆದರಲು ಪುರಸೊತ್ತು ಕೊಟ್ಟು ಬರುತ್ತಿತ್ತು. ಈಗಿನದು ಅದಿರಿನ ಲಾರಿಯ ಹಾಗೆ, ಸೀದಾ ಮೈಮೇಲೇ ಬರುತ್ತದೆ. ಗಣಿಯ ಭರಾಟೆಯ ಆ ವರ್ಷಗಳಲ್ಲಂತೂ ಬಿಳಿ ಸೀರೆಯ ದೆವ್ವ ಬಳ್ಳಾರಿಗೆ ಬಂದಿದ್ದರೆ ಕುಡತಿನಿ ದಾಟುವಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು.

ಆ ಕೆಂಪು ದೂಳೇ ನಮ್ಮ ಅವ್ವನ ಶತ್ರು. ಎರಡೂ ಕಣ್ಣಿಗೆ ಪೊರೆ ಬಂದು, ವರ್ಷಗಟ್ಟಲೆ ಮೊಮ್ಮಕ್ಕಳನ್ನು ದನಿಯಿಂದಲೇ ಗುರುತಿಸುತ್ತಿದ್ದ ಅವಳಿಗೆ ಆಪರೇಷನ್ ಮಾಡಿಸಿದ್ದೆವು. ಕಣ್ಣು ಚೆನ್ನಾಗಿವೆ ಎಂದರು ಡಾಕ್ಟರು. ಅವಳು ಮಾತ್ರ ದೂಳು ಬಿದ್ದೀತೆಂದು ಆಸ್ಪತ್ರೆಯ ಕರಿ ಕನ್ನಡಕವನ್ನು ಮನೆಯೊಳಗೂ ತೆಗೆಯಳು. ಮೂಲೆ ಹಿಡಿದು ಕುಳಿತು, "ಎಲ್ಲಾ ಮಬ್ಬು ಐತಪಾ" ಎನ್ನುವಳು. ನನ್ನ ಹೆಂಡತಿ ಶಾಂತಾಳ ಹತ್ತಿರ ಮಾತ್ರ ನಿಜ ಹೇಳಿದ್ದಳಂತೆ: "ಬಂದ ಕಣ್ಣು ಮತ್ತ ಹೋದ್ರ ಏನ್ ಮಾಡ್ಲಿ ಶಾಂತಾ?"

ಕುರುಗೋಡಿನವಳಾದ ಶಾಂತಾ ಸುಮ್ಮನೆ ಕೂರುವವಳಲ್ಲ. ಅವ್ವ ಮದುವೆಯಾದ ಹೊಸದರಲ್ಲಿ ಸಿರುಗುಪ್ಪದ ಟೂರಿಂಗ್ ಟಾಕೀಸಿನಲ್ಲಿ ನೋಡಿ, ಜನ್ಮವಿಡೀ ವರ್ಣಿಸಿದ್ದ ದೆವ್ವದ ಸಿನಿಮಾವೊಂದು ಆಗ ಹೊಸದಾಗಿ ತಯಾರಾಗಿ ಊರಿಗೆ ಬಂದಿತ್ತು.

"ಏಸಿ ಥೇಟ್ರಿನಾಗ ದೂಳ್ ಇರಂಗಿಲ್ಲತ್ತಿ, ಬರ್ರಿ" ಎಂದಳು.

"ನೋಡಾಕಲ್ಲ, ಕೇಳಾಕ ಬರ್ತೀನಿ" ಎಂದು ಅವ್ವ ಹೊರಟಳು.

ಮ್ಯಾಟಿನಿ. ಹೊಸ ದೆವ್ವ ಗೆಜ್ಜೆಯಿಲ್ಲದೆ, ಪೀಠಿಕೆಯಿಲ್ಲದೆ ಸೂರಿನಿಂದ ತಲೆಕೆಳಗಾಗಿ ಇಳಿಯಿತು. ಹಳೆಯದರ ಮೇಲಿನ ಗೌರವದಿಂದ ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಪಕ್ಕದಿಂದ ಇಡೀ ಥಿಯೇಟರಿಗೆ ಕೇಳುವಂತೆ ಅವ್ವನ ದನಿ:

"ಲೇ, ಆ ದೆವ್ವದ ಕೈ ನೋಡಲೇ! ವಾಚ್ ಕಟ್ಟಿದ ಗುರುತು ಐತಿ!"

ಕಣ್ಣು ಬಿಟ್ಟೆ. ಕರಿ ಕನ್ನಡಕ ಅವಳ ಮಡಿಲಲ್ಲಿತ್ತು.

"ಉಗುರಿಗೆ ಬಣ್ಣಾನೂ ಹಚ್ಚೇತಿ. ನಮ್ ಸಿರುಗುಪ್ಪದ್ದು ಪಾಪ, ಭಾಳ ಸಂಭಾವಿತ ದೆವ್ವ."

ತೆರೆಯ ಮೇಲೆ ದೆವ್ವ ರಕ್ತ ಕಾರುತ್ತಿತ್ತು, ಕೆಳಗೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮುಂದಿನ ಸೀಟಿನವರು ತಿರುಗಿ, "ನಮಗ ಕಂಡೇ ಇಲ್ಲ ನೋಡ್ರಿ ಅಜ್ಜಿ!" ಎಂದರು. ಶಾಂತಾ ಅವ್ವನ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅವ್ವನ ಕಿವಿಯ ಹತ್ತಿರ ಬಾಗಿದೆ.

"ಯವ್ವಾ, ಕಾಣ್ತೈತೇನ?"

"ಕಾಣ್ತೈತಲೇ. ಎಲ್ಲಾ ಕಾಣ್ತೈತಿ." ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ.

ಕಥೆಯಿಲ್ಲದ, ಸಂಕೋಚವಿಲ್ಲದ ಆ ರೀಮೇಕಿಗೆ ಕತ್ತಲೆಯಲ್ಲೇ ಕೈಮುಗಿದೆ. ಹಳೆಯ ಚಿತ್ರದ ಹೊಗೆಯಲ್ಲಿ, ಸವೆದ ರೀಲಿನಲ್ಲಿ ದೆವ್ವದ ಮಣಿಕಟ್ಟು ಯಾರಿಗೆ ಕಂಡೀತು? ಹೆದರಿಸಲು ಹಳೆಯದೇ ಸರಿ. ಆದರೆ ಅವ್ವನ ಹೆದರಿಕೆ ಬಿಡಿಸಿದ್ದು ಈ ಹೊಸದು.

ಸಿನಿಮಾ ಬಿಟ್ಟು ಬಿಸಿಲಿಗೆ ಬಂದೆವು. ಮೆಟ್ಟಿಲ ಮೇಲೆ ಅವ್ವ ಹಿಗ್ಗಿನಿಂದ ನನ್ನ ಕಡೆ ತಿರುಗಿದವಳು, ಒಳಗೆ ದೆವ್ವಕ್ಕೂ ಬೆಚ್ಚದವಳು, ಎದೆ ಮೇಲೆ ಕೈಯಿಟ್ಟುಕೊಂಡಳು.

"ಯಪ್ಪಾ, ಇದೇನಲೇ! ತಲಿಗೂದಲೆಲ್ಲ ಎಲ್ಲಿಗೆ ಹೋದ್ವು? ಈ ಹೊಟ್ಟಿ ಯಾವಾಗ ಬಂತು?"

ಮೂಲವನ್ನು ಕಣ್ತುಂಬ ನೋಡಿದವರಿಗೆ ರೀಮೇಕ್ ಅಷ್ಟು ಸುಲಭಕ್ಕೆ ಹಿಡಿಸುವುದಿಲ್ಲ.