ಅಮೆರಿಕದ ಹುಡುಗನ ಚಡ್ಡಿಗೆ ಕೊಡೆಯ ತೇಪೆ

ಅಮೆರಿಕದ ಮಹಾಪುರುಷರಿಗೆಲ್ಲ ಚಿಕ್ಕಂದಿನಲ್ಲಿ ಚಡ್ಡಿ ಹೊಲಿದುಕೊಟ್ಟವನು ನನ್ನ ಸೋದರಮಾವ! ನಗಬೇಡಿ. ಮಸ್ಕಿ ಬಸ್ ನಿಲ್ದಾಣದ ಹಿಂದಿನ ಅವನ ಟೇಲರ್ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ನೀವೂ ನಂಬುತ್ತೀರಿ. ಸಂಜೆ ಶಾಲೆ ಬಿಟ್ಟೊಡನೆ ಮಕ್ಕಳೆಲ್ಲ ಅಲ್ಲೇ ಜಮಖಾನೆ ಮೇಲೆ ಕೂತು ಅವನ ಕಥೆ ಕೇಳುತ್ತವೆ.

ಗುಲಾಮರನ್ನು ಬಿಡಿಸಿದ ಆ ಎತ್ತರದ ಅಧ್ಯಕ್ಷನ ಬಾಲ್ಯ ಶುರುವಾಗುವುದೇ ಅಳತೆಯಿಂದ. "ವರ್ಷಕ್ಕ ಒಂದು ಗೇಣು ಬೆಳೀತಿದ್ದ ನಮ್ಮ ಹುಡುಗ. ಅವರವ್ವ ಎಷ್ಟಂತ ಚಡ್ಡಿ ಅಂಚು ಮಡಚಿದ್ದು ಬಿಚ್ಚತಾಳ?" ಒಲೆಯ ಬೆಳಕಿನಲ್ಲಿ ಓದುವ ಆ ಹುಡುಗ ಸಜ್ಜೆ ರೊಟ್ಟಿ ತಿನ್ನುತ್ತಾನೆ, ಪುಸ್ತಕ ಕೇಳಿ ತರಲು ಸಂತೆಕಲ್ಲೂರಿನವರೆಗೆ ನಡೆಯುತ್ತಾನೆ. ಅಮೆರಿಕ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಲಿಂಗಸುಗೂರು ದಾಟಿದ ಮೇಲೆ ಇನ್ನೂ ಬಹಳ ದೂರ ಎನ್ನುತ್ತಾನೆ ಮಾವ. ಅದೇನೂ ಸುಳ್ಳಲ್ಲವಲ್ಲ!

ನಾನು ಸಿಂಧನೂರಿನಲ್ಲಿ ಮೇಷ್ಟ್ರು. ಇವೇ ಕಥೆಗಳನ್ನು ಪುಸ್ತಕ ಹಿಡಿದು, ನಕಾಶೆ ತೂಗುಹಾಕಿ ಹೇಳುತ್ತೇನೆ, ಮಕ್ಕಳು ಆಕಳಿಸುತ್ತವೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಆದರೆ ನಿಜವಾದ ಉರಿ ಬೇರೆಯೇ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಈ ಮಾವ. ಎಂದೋ ಸತ್ತುಹೋದ ಆ ಪರದೇಶಿ ಪೋರರನ್ನೆಲ್ಲ ಬಾಯ್ತುಂಬ "ನಮ್ಮ ಹುಡುಗ" ಎನ್ನುತ್ತಾನೆ. ನನ್ನನ್ನು ಒಂದು ದಿನವಾದರೂ ಹಾಗೆ ಕರೆದದ್ದುಂಟೆ? ನೌಕರಿ ಸಿಕ್ಕ ದಿನ ಪೇಢೆ ಹಿಡಿದು ಓಡಿಹೋದರೆ, ಅಂಗಿಯ ಗುಂಡಿ ಸಡಿಲಾಗಿದೆ ಎಂದ. ಅಷ್ಟೇ!

ಕಳೆದ ಶನಿವಾರ ಹೋದಾಗ ಬಲ್ಬು ಮಾಡಿದವನ ಸರದಿ. ಮರಿ ಮಾಡಲೆಂದು ಆ ಹುಡುಗ ಕೋಳಿಮೊಟ್ಟೆಗಳ ಮೇಲೆ ತಾನೇ ಕಾವಿಗೆ ಕೂತನಂತೆ. ಪುಸ್ತಕದಲ್ಲಿರುವುದು ಬಾತುಕೋಳಿ ಮೊಟ್ಟೆ ಎಂದು ನಾನು ನಡುವೆ ಬಾಯಿ ಹಾಕಿದೆ.

"ಸುಮ್ನ ಕುಂದ್ರಲೇ ಮಾಸ್ತರ. ಮೊದ್ಲ ತತ್ತಿ ಒಡೀಲಿ," ಎಂದ ಮಾವ. ಮಕ್ಕಳೂ ನನ್ನನ್ನೇ ಗುರಾಯಿಸಿದವು.

ಮೊಟ್ಟೆ ಒಡೆದವು. ಎಷ್ಟು ತೊಳೆದರೂ ಚಡ್ಡಿಯ ನಾತ ಹೋಗಲಿಲ್ಲವಂತೆ. ಕಡೆಗೆ ಹಿಂಭಾಗವನ್ನೇ ಕತ್ತರಿಸಿ, ಹಳೆ ಕೊಡೆಯ ಕರಿ ಬಟ್ಟೆ ಹಚ್ಚಿ ಹೊಲಿದರಂತೆ. ಮಳೆಯಲ್ಲಿ ಊರೆಲ್ಲ ತೋಯ್ದರೂ ಆ ಹುಡುಗನ ಕುಂಡಿ ಮಾತ್ರ ಒಣಗಿರುತ್ತಿತ್ತು! ಮಕ್ಕಳು ಬಿದ್ದು ಬಿದ್ದು ನಕ್ಕವು.

ನನಗೆ ನಗು ಬರಲಿಲ್ಲ. ಏಳು ವರ್ಷದವನಿದ್ದಾಗ ಇದೇ ಜಮಖಾನೆ ಮೇಲೆ ಬಲ್ಬಿನವನ ಕಥೆ ಕೇಳಿ, ಅವತ್ತೇ ಅತ್ತೆಯ ಕೋಳಿಮೊಟ್ಟೆಗಳ ಮೇಲೆ ಕೂತವನು ನಾನು. ಆ ಕೊಡೆಯ ತೇಪೆ ನನ್ನ ಚಡ್ಡಿಯದು.

ಮಕ್ಕಳು ಹೋದ ಮೇಲೆ ಕೇಳಿದೆ: "ಮಾಮಾ, ಅದು ನನ್ನ ಚಡ್ಡಿ ಅಲ್ಲೇನು?"

ಅವನು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದ: "ಅಮೆರಿಕಾದ ಹುಡುಗರನ್ನ ನಾ ಎಲ್ಲಿ ನೋಡೀನಲೇ? ನಾ ಸಾಕಿದ ಹುಡುಗ ನೀ ಒಬ್ಬನ. ಎಲ್ಲಾರ ಕಥಿಗೂ ನಿನ್ನನ್ನ ಹಚ್ಚತೀನಿ."

ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೇಲೆಯೇ! ಮಾವನಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕೊಡು ಎಂದು ಸೂಜಿ ಇಸಿದುಕೊಂಡೆ. ಸೂಜಿಯ ಕಣ್ಣು ನನಗೂ ಕಾಣಲಿಲ್ಲ.