ಮಂದ್ರ ನುಂಗಿದ ಮಹನೀಯರಿಗೆ

ಶ್ರೀಮಾನ್ ಹೊಸ ಪವರ್ ಆಂಪ್ಲಿಫೈಯರ್ ಅವರ ಸನ್ನಿಧಿಗೆ,
ಅಕುತ್ಸು ಕಾಫಿ ಮನೆ, ಎಡಗೋಡೆ ಕಪಾಟಿನ ಕೆಳಹಂತ, ಹಾಕೊದಾತೆ.

ಮಾನ್ಯರೇ,

ಬಂದರಿನಿಂದ ಬೊಂಡಾಸ್ ಮೀನಿನ ದೋಣಿಗಳು ಹೊರಡತೊಡಗಿರುವ ಈ ಬೇಸಿಗೆಯ ಮೊದಲಲ್ಲಿ ತಾವು ಕ್ಷೇಮವೆಂದೂ, ತಮ್ಮ ಅಲ್ಯೂಮಿನಿಯಂ ಮೈ ಎಂದಿನಂತೆ ತಣ್ಣಗಿದೆಯೆಂದೂ ನಂಬಿದ್ದೇನೆ. ದಿನವೂ ಮಧ್ಯಾಹ್ನ ತಮ್ಮಿಂದ ಮೂರು ಕುರ್ಚಿ ಆಚೆ, ಕಂಬದ ಮರೆಯಲ್ಲಿ ಕೂತು ಒಂದೇ ಲೋಟ ಕಾಫಿಯನ್ನು ಎರಡು ಗಂಟೆ ಕುಡಿಯುವವಳು ನಾನು. ರೆಕಾರ್ಡು ಸುತ್ತುವಾಗ ಯಾರೂ ಮಾತಾಡಬಾರದೆಂಬುದು ಈ ಅಂಗಡಿಯ ನಿಯಮವಾದ್ದರಿಂದಲೂ, ನಿಯಮವಿಲ್ಲದಿದ್ದರೂ ನನ್ನ ಬಾಯಿ ಏಳುತ್ತಿರಲಿಲ್ಲವಾದ್ದರಿಂದಲೂ ಈ ಪತ್ರ.

ಮೊದಲಿಗೆ ಅಭಿನಂದನೆ. ಅಂಗಡಿಗೆ ನಲವತ್ತು ವರ್ಷ ತುಂಬಿತೆಂದು ಹಳೆಯ ಗಿರಾಕಿಗಳೆಲ್ಲ ಕೂಡಿ ತಮ್ಮನ್ನು ಉಡುಗೊರೆಯಾಗಿ ತಂದರು. ತಮಗಿಂತ ಮೇಲಿನ ಹಂತದಲ್ಲಿ ಕೂತು ರೆಕಾರ್ಡಿನ ಸದ್ದನ್ನು ತಮಗೆ ಇಳಿಸಿಕೊಡುವ ವಾಲ್ವಿನ ಪ್ರಿಆಂಪ್ಲಿಫೈಯರ್ ಅಂಗಡಿಯ ಒಡತಿ ಹಿಸಾಯೋ ಸಾನ್ ಅವರ ದಿವಂಗತ ಯಜಮಾನರು ಕೈಯಾರೆ ಕಟ್ಟಿದ್ದು. ಅದಕ್ಕೆ ತಮ್ಮ ಸಂಬಂಧ ಕೂಡಿಸಿದವರು ನಿವೃತ್ತ ಸ್ಟೇಷನ್ ಮಾಸ್ತರ್ ನುಕಾಗಾ ಸಾನ್. ನಮ್ಮಲ್ಲಿ ಮದುವೆಗೆ ಗಂಡು ತೋರಿಸುವಾಗ ಮಾಡುವಂತೆಯೇ, ಅವರು ರಟ್ಟಿನ ಹೊದಿಕೆಯೊಳಗೆ ತಮ್ಮ ಫೋಟೋ ಇಟ್ಟುಕೊಂಡು ಬಂದು ಎರಡು ಕೈಯಲ್ಲಿ ಹಿಡಿದು ತೋರಿಸಿದರು. ಎತ್ತರ, ಅಗಲ, ಬಣ್ಣ, ಹುಟ್ಟಿದ ಊರು ಎಲ್ಲವನ್ನೂ ವಿಚಾರಿಸಲಾಯಿತು. ಪಂಚಾಂಗದ ಶುಭದಿನ ನೋಡಿಯೇ ತಮ್ಮನ್ನು ಮನೆ ತುಂಬಿಸಿಕೊಂಡದ್ದೂ ಆಯಿತು. ಒಂದನ್ನು ಮಾತ್ರ ಯಾರೂ ಕೇಳಲಿಲ್ಲ: ತಮ್ಮ ಹಸಿವು ಎಷ್ಟು?

ತಮಗಿಂತ ಮೊದಲು ಆ ಜಾಗದಲ್ಲಿದ್ದ ಮುದಿ ಆಂಪ್ಲಿಫೈಯರ್ ಎರಡೂವರೆ ಲಕ್ಷ ಓಮ್ ಪ್ರತಿರೋಧದ ಮಿತಾಹಾರಿ. ಮೇಲಿನಿಂದ ಒಂದು ಚಮಚ ವಿದ್ಯುತ್ತು ಇಳಿದರೂ ಅಷ್ಟರಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ತಮ್ಮದು ಬರೀ ಹತ್ತು ಸಾವಿರ. ಪ್ರತಿರೋಧ ಕಡಿಮೆಯಾದಷ್ಟೂ ಹಸಿವು ಹೆಚ್ಚು. ಬಡಪಾಯಿ ವಾಲ್ವಿಗೆ ಅಷ್ಟು ಬಡಿಸುವ ಶಕ್ತಿಯಿಲ್ಲ, ಆ ಎಳೆದಾಟದಲ್ಲಿ ಮೊದಲು ಕಳೆದುಹೋಗುವುದು ಮಂದ್ರ. ಪಿಯಾನೋ ಉಳಿಯಿತು, ತುತ್ತೂರಿ ಉಳಿಯಿತು, ಆಳೆತ್ತರದ ಬಾಸ್ ವಾದ್ಯ ಮಾತ್ರ ಸದ್ದಿಲ್ಲದೆ ಎದ್ದುಹೋಯಿತು. ಅಷ್ಟು ದೊಡ್ಡ ವಾದ್ಯವನ್ನು ಎಲ್ಲರೂ ನೋಡುತ್ತಿರುವಂತೆಯೇ ನುಂಗಿ ತೇಗದೆ ಕೂತಿರುವ ತಮ್ಮ ಸಂಯಮಕ್ಕೆ ನಮಸ್ಕಾರ.

ತಮ್ಮನ್ನು ಕೇಳಿದ ಮೊದಲ ದಿನ ಎಲ್ಲರೂ ಹೇಳಿದ್ದು ಒಂದೇ ಮಾತು, "ಎಷ್ಟು ಸ್ವಚ್ಛವಾಗಿದೆ!" ಸಾಮಾನೆಲ್ಲ ಕಳುವಾದ ಮನೆಯೂ ಸ್ವಚ್ಛವಾಗಿಯೇ ಇರುತ್ತದೆ. ಆಮೇಲೆ ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ನುಕಾಗಾ ಸಾನ್ "ಅಲ್ಲ ಕಣಯ್ಯಾ, ಬಾಸ್ ಎಲ್ಲಿಗ್ಹೋಯ್ತು?" ಎಂದು ಪಿಸುಗುಟ್ಟಿದ್ದೂ, ಜೊತೆಗಿದ್ದ ಕ್ಷೌರದಂಗಡಿಯ ಸೊವಾ ಸಾನ್ "ಷ್! ಆಕೆ ಅಷ್ಟು ಖುಷಿಯಾಗಿದಾರೆ, ನಿಮ್ಮ ಬಾಯಿಗೆ ಬೀಗ ಹಾಕ್ರಿ" ಎಂದು ಗದರಿದ್ದೂ ನನಗೆ ಕೇಳಿಸಿತು. ಎದುರು ಬೀದಿಯ ರೇಡಿಯೋ ರಿಪೇರಿಯ ದೋಬಾಶಿ ಸಾನ್‌ಗೆ ರೋಗವೂ ಗೊತ್ತು, ಮದ್ದೂ ಗೊತ್ತು. "ನಡುವೆ ಒಂದು ವಾಲ್ವಿನ ಪುಟಾಣಿ ಪೆಟ್ಟಿಗೆ ಇಟ್ರೆ ಆಯ್ತು ತಾಯಿ, ಸಂಸಾರ ನೆಟ್ಟಗಾಗತ್ತೆ. ಆದ್ರೆ ನನ್ನ ಯಾರು ಕೇಳಿದ್ರು? ಫೋಟೋ ತೋರ್ಸಿದ್ರಾ ನಂಗೆ?" ಎಂದು ನನಗೆ ಹೇಳಿ, ಬೆಸುಗೆ ಕಡ್ಡಿ ಊದುತ್ತ ಮುನಿಸಿಕೊಂಡು ಕೂತಿದ್ದಾರೆ. ಉಡುಗೊರೆಯನ್ನು ದೂರುವುದು ಸಭ್ಯತೆಯಲ್ಲವಲ್ಲ.

ಮಾನ್ಯರೇ, ತಮಗೆ ತಿಳಿಯದ ಸಂಗತಿಯೊಂದಿದೆ. ಮಧ್ಯಾಹ್ನ ಮೂರಕ್ಕೆ ಹಿಸಾಯೋ ಸಾನ್ ಹಾಕುವ ರೆಕಾರ್ಡಿನಲ್ಲಿ ಬಾಸ್ ನುಡಿಸಿರುವವರು ಅವರ ಯಜಮಾನರು. ಅವರ ದನಿಯ ರೆಕಾರ್ಡು ಇಲ್ಲ, ಉಳಿದಿರುವುದು ಆ ಬೆರಳುಗಳ ಸದ್ದೊಂದೇ. ಮೊನ್ನೆ ಅಂಗಡಿಯ ಹಿಂಬಾಗಿಲಲ್ಲಿ ಮೀನಿನವಳಿಗೆ ಅವರು ಹೇಳುತ್ತಿದ್ದರು: "ನನ್ನ ಕಿವಿ ಹೋಯ್ತು ಕಣೇ. ಊರೋರಿಗೆಲ್ಲ ಸ್ವಚ್ಛ ಕೇಳ್ಸತ್ತಂತೆ, ನಮ್ಮೋರು ನುಡಿಸಿದ್ದು ನಂಗೊಬ್ಬಳಿಗೇ ಕೇಳ್ಸಲ್ಲ. ಕಿವಿ ಇಲ್ದೋಳು ಹಾಡು ಕೇಳ್ಸೋ ಅಂಗಡಿ ಇಟ್ಕೊಂಡು ಏನ್ಮಾಡ್ಲಿ? ತಿಂಗಳ ಕೊನೆಗೆ ಬಾಗಿಲು ಹಾಕ್ಬಿಡ್ತೀನಿ." ಮೀನಿನವಳು ಎರಡು ಮೀನು ಹೆಚ್ಚಿಗೆ ಹಾಕಿ ಹೋದಳು.

ಆದ್ದರಿಂದ ವಿನಂತಿ. ತಾವು ದಯಮಾಡಿ ಇಂದು ಸಂಜೆಯೊಳಗೆ ತಮ್ಮ ಒಳಗಿನ ಪ್ರತಿರೋಧವನ್ನು ಇಪ್ಪತ್ತೈದು ಪಟ್ಟು ಹೆಚ್ಚಿಸಿಕೊಳ್ಳಬೇಕು. ಅದಾಗದಿದ್ದರೆ ಈವರೆಗೆ ನುಂಗಿದ ಮಂದ್ರವನ್ನೆಲ್ಲ ಕಂತುಗಳಲ್ಲಿ ಹಿಂದಿರುಗಿಸಬೇಕು. ಅದೂ ಆಗದಿದ್ದರೆ, ಉಡುಗೊರೆ ಕೊಟ್ಟವರಿಗೆ ನೋವಾಗದ ಹಾಗೆ, ಪಡೆದವರಿಗೆ ಮುಜುಗರವಾಗದ ಹಾಗೆ, ತಾವಾಗಿಯೇ ಎದ್ದು ಬೀದಿ ದಾಟಿ ದೋಬಾಶಿ ಸಾನ್ ಅವರ ಮೇಜಿನ ಮುಂದೆ ತಲೆಬಾಗಿ ನಿಂತು, ಆ ಪುಟಾಣಿ ಪೆಟ್ಟಿಗೆಯನ್ನು ಕೇಳಿ ತರಬೇಕು. ಮನುಷ್ಯರಾದ ನಮ್ಮಿಂದ ಇದು ಸಾಧ್ಯವಾಗಿಲ್ಲ.

ಇಂತಿ, ತಮ್ಮ ಘನತೆಗೆ ಕುಂದು ಬಾರದಂತೆ ದೂರಲು ಶ್ರಮಿಸಿರುವ
ತಮ್ಮ ವಿಶ್ವಾಸಿ,
ಮಿನೋವಾ ಚಿಹಾಯಾ

ತಾ.ಕ.: ತಮಗೆ ಓದಲು ಬಾರದೆಂಬುದು ಇದೀಗ ನೆನಪಾಯಿತು. ಆದರೂ ಬರೆದದ್ದು ವ್ಯರ್ಥವಾಗಬಾರದೆಂದು ಇದನ್ನು ತಮ್ಮ ಹಣೆಗೆ ಅಂಟಿಸಿದ್ದೇನೆ. ಕಪಾಟಿನ ಮುಂದೆ ಹಾದುಹೋಗುವವರಾರಾದರೂ ಅಕಸ್ಮಾತ್ತಾಗಿ ಓದಿಬಿಟ್ಟರೆ ಕ್ಷಮೆಯಿರಲಿ, ಅದರಲ್ಲೂ ನುಕಾಗಾ ಸಾನ್ ಕನ್ನಡಕ ಹಾಕಿಕೊಂಡು ಓದಿದರೆ. ರೆಕಾರ್ಡು ಹಾಕಲು ಬಂದ ಹಿಸಾಯೋ ಸಾನ್ ಕಣ್ಣಿಗೆ ಬಿದ್ದರೆ, ಅವರು ಈ ಎರಡು ಸಾಲನ್ನಾದರೂ ಓದಲಿ: ಆ ಬಾಸ್ ನನಗೂ ಕೇಳಿಸುತ್ತಿಲ್ಲ. ನನಗೆ ಇಪ್ಪತ್ತನಾಲ್ಕು ವರ್ಷ.